ಸಂಜೆ ನಾಲ್ಕೂವರೆಯಿಂದ ಏಳು: ಕಾಲೇಜು ಸೇರಿದ ಮೇಲೆ ಆಟ ಯಾಕೆ ನಿಲ್ಲುತ್ತದೆ?

ಕನ್ನಡ ಮೇಡಂ · ಭಾನುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಈ ವರ್ಷ ಕ್ರೀಡಾ ಸಮಿತಿಗೂ ನನ್ನ ಹೆಸರು ಸೇರಿಸಿದ್ದಾರೆ. ಕ್ರೀಡಾಕೂಟಕ್ಕೆ ಹೆಸರು ಕೊಡಿ ಅಂತ ಕ್ಲಾಸಿಗೆ ಹೋದರೆ ಯಾರೋ ಮೂರ್ನಾಲ್ಕು ಜನ ಕೈ ಎತ್ತುತ್ತಾರೆ. ಉಳಿದವರು ಅವರ ಕಡೆ ಬೆರಳು ತೋರಿಸಿ 'ಎಲ್ಲದಕ್ಕೂ ಇವರನ್ನೇ ಹಾಕಿಕೊಳ್ಳಿ ಮೇಡಂ' ಅನ್ನುತ್ತಾರೆ. ಮೂರನೇ ಮಹಡಿ ಹತ್ತಿ ಬರುವಷ್ಟರಲ್ಲಿ ಏದುಸಿರು ಬಿಡುವವರು ನನ್ನ ವಯಸ್ಸಿನವರಲ್ಲ, 19 ವರ್ಷದವರು.

ಸ್ಟಾಫ್ ರೂಮಿನಲ್ಲಿ ಇದಕ್ಕೆ ಸಿಗುವ ಉತ್ತರ ಒಂದೇ: ಮೊಬೈಲ್. ಇರಬಹುದು. ಆದರೆ ಅದೇ ಮೊಬೈಲ್ ಜೇಬಲ್ಲಿಟ್ಟುಕೊಂಡು ದಿನಾ ಸಂಜೆ ಕಬಡ್ಡಿ ಆಡುವ ಮಕ್ಕಳೂ ಇದ್ದಾರಲ್ವಾ?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕ ಇದು. 18 ದಾಟಿದವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ, ಚುರುಕಾಗಿ ನಡೆದಷ್ಟು ಚಟುವಟಿಕೆ ಬೇಕು. 17ರವರೆಗಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ. ಅಂದರೆ ಪಿಯು ಮಕ್ಕಳಿಗೆ ನಮಗಿಂತ ಜಾಸ್ತಿ ಬೇಕು. ನಾವು ಅವರ ಆಟದ ಪೀರಿಯಡ್ಡನ್ನೇ ಕಿತ್ತು ಸಿಇಟಿ ಕ್ಲಾಸ್ ಹಾಕುತ್ತೇವೆ. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಂದಾಜು ನೋಡಿದರೆ, 2022ರಲ್ಲಿ ನಮ್ಮ ದೇಶದ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಈ 150 ನಿಮಿಷ ಮುಟ್ಟುತ್ತಿರಲಿಲ್ಲ. ಹೆಂಗಸರಲ್ಲಿ ನೂರಕ್ಕೆ 57, ಗಂಡಸರಲ್ಲಿ 42.

ನನ್ನದೊಂದು ಕೋರಿಕೆ. ಕಾರಣ ಬರೆಯಬೇಡಿ. ಕಾಲೇಜು ಬಿಟ್ಟ ಹೊತ್ತಿನಿಂದ ಮಲಗುವವರೆಗೆ ನಿಮಗೆ ಏನೇನಾಗುತ್ತದೆ ಅಂತ ಗಂಟೆ ಲೆಕ್ಕದಲ್ಲಿ ಬರೆಯಿರಿ. ಕಾಲೇಜಿನ ಹೆಸರು, ಹಾಸ್ಟೆಲ್ ಹೆಸರು, ಯಾರ ಹೆಸರೂ ಬೇಡ.

ಜಗಳೂರು ಬಸ್ · ಭಾನುವಾರ ಬೆಳಿಗ್ಗೆ

ಕಾಲೇಜು ಬಿಡೋದು 4:15ಕ್ಕೆ. ನಮ್ಮ ಕಡೆಯ ಬಸ್ 4:50ಕ್ಕೆ. ಅದು ತಪ್ಪಿದರೆ ಮುಂದಿನದು ಹತ್ತುವಷ್ಟರಲ್ಲಿ ಕತ್ತಲಾಗಿರುತ್ತದೆ. ಪಾಸ್ ಇದೆ, ಸೀಟು ಇಲ್ಲ. ಭರಮಸಾಗರದ ಕಡೆ ಹೋಗುವವರಿಗೂ ಚನ್ನಗಿರಿ ಕಡೆಯವರಿಗೂ ಇದೇ ಕಥೆ. ಜಗಳೂರಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿದು ಮನೆ ಸೇರೋದು ಏಳಕ್ಕೆ. ಆಮೇಲೆ ಎಮ್ಮೆಗೆ ಮೇವು. ರಾತ್ರಿ ಪಾಳಿಯಲ್ಲಿ ತ್ರೀ ಫೇಸ್ ಕರೆಂಟ್ ಕೊಟ್ಟ ವಾರ ಹೊಲಕ್ಕೂ ಹೋಗಬೇಕು.

ಬೆಳಿಗ್ಗೆ ಆಡು ಅಂತೀರೇನೋ. ಬೆಳಿಗ್ಗೆ 6:45ಕ್ಕೆ ರಸ್ತೆಯಲ್ಲಿ ನಿಂತಿರುತ್ತೇನೆ.

ಹೈಸ್ಕೂಲಲ್ಲಿ ಖೋಖೋದಲ್ಲಿ ತಾಲ್ಲೂಕು ಮಟ್ಟಕ್ಕೆ ಹೋಗಿದ್ದೆ. ಇಲ್ಲಿ ತಂಡದ ಅಭ್ಯಾಸ ಶುರುವಾಗೋದೇ 4:30ಕ್ಕೆ. ಮೊದಲ ವರ್ಷ ಹೆಸರು ಕೊಟ್ಟಿದ್ದೆ. ಸೀನಿಯರ್ 'ದಿನಾ ಬರೋಕಾಗಲ್ಲ ಅಂದ್ರೆ ಯಾಕೋ ಕೊಟ್ಟೆ' ಅಂದರು. ಅಲ್ಲಿಗೆ ಮುಗೀತು.

ಹಳೇ ಬ್ಯಾಚ್ · ಭಾನುವಾರ ಮಧ್ಯಾಹ್ನ

ಕ್ಷಮಿಸಿ, ನಾನು ಒಪ್ಪಲ್ಲ. ನಾವು ಇದೇ ಊರಲ್ಲಿ ಓದಿದವರು. ಆಗಲೂ ಬಸ್ ತುಂಬಿರುತ್ತಿತ್ತು. ಸೈಕಲ್ ತುಳಿದುಕೊಂಡು ಹೋಗಿ, ಬಂದು, ರಸ್ತೆಯಲ್ಲೇ ಇಟ್ಟಿಗೆ ನಿಲ್ಲಿಸಿ ವಿಕೆಟ್ ಅಂತ ಆಡುತ್ತಿದ್ದೆವು. ವಿನಯ್ ಕುಮಾರ್ ಇದೇ ದಾವಣಗೆರೆಯಿಂದ ಹೋಗಿ ಭಾರತ ತಂಡಕ್ಕೆ ಬೌಲಿಂಗ್ ಮಾಡಿದವನು. ಅವನ ಸಂಜೆಗೂ ಅಷ್ಟೇ ಗಂಟೆ ಇತ್ತು ಅಲ್ವಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸಂಜೆ ಗುಂಡಿ ಸರ್ಕಲ್ ಕಡೆ ಬಂದು ನೋಡಿ. ಮಿರ್ಚಿ ಮಂಡಕ್ಕಿ ಗಾಡಿ ಮುಂದೆ ಬೈಕ್ ಮೇಲೆ ಕೂತ ಹುಡುಗರಿಗೆ ಯಾವ ಬಸ್ಸಿನ ಅವಸರವೂ ಇರಲ್ಲ.

ಜಗಳೂರು ಬಸ್ · ಭಾನುವಾರ ಮಧ್ಯಾಹ್ನ

ಸರ್, ನೆಲ ಡೊಂಕೇ ಇದೆ. ನಮ್ಮ ಕಾಲೇಜಿಗೆ ಬಂದು ನೋಡಿ. ಹೊಸ ಕಟ್ಟಡ ಕಟ್ಟುವಾಗ ಸುರಿದ ಜಲ್ಲಿ ಇನ್ನೂ ಮೈದಾನದಲ್ಲೇ ಇದೆ. ಅದರ ಒಂದು ಮೂಲೆಯಲ್ಲಿ ಗಾಡಿ ನಿಲ್ಲಿಸುತ್ತಾರೆ, ಇನ್ನೊಂದು ಮೂಲೆಗೆ ಬೀಗ. ಮಂಡಕ್ಕಿ ಗಾಡಿ ಮುಂದಿನ ಹುಡುಗರ ಹತ್ತಿರ ಬೈಕ್ ಇದೆ, ಅದಕ್ಕೇ ಅಲ್ಲಿದ್ದಾರೆ. ನಾವು ಅಲ್ಲಿಲ್ಲ.

ರೂಮ್ 14 · ಭಾನುವಾರ ಸಂಜೆ

ಮೇಡಂ, ನಾನು ಹಾಸ್ಟೆಲಿನಲ್ಲಿದ್ದೇನೆ. ಬಸ್ಸಿನ ತೊಂದರೆ ಇಲ್ಲ. ಆದರೂ ನೋಡಿ.

4:30ಕ್ಕೆ ಬರುತ್ತೇವೆ. ನೀರು ಬರುವ ಹೊತ್ತು ಅದೇ, ಬಕೆಟ್ ತುಂಬಬೇಕು, ಬಟ್ಟೆ ಒಗೆಯಬೇಕು. 5:15ಕ್ಕೆ ಟೀ. ಗೇಟ್ ಹಾಕೋದು 6:30ಕ್ಕೆ. ನಡುವೆ ಒಂದು ಗಂಟೆ ಇದೆ, ಸುಳ್ಳು ಹೇಳಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಐದೂವರೆಗೂ ಬಿಸಿಲು ಮುಖಕ್ಕೆ ಹೊಡೆಯುತ್ತದೆ. ಡಿಸೆಂಬರಿನಲ್ಲಿ ಆರಕ್ಕೆಲ್ಲ ಹೊತ್ತು ಮುಳುಗುತ್ತದೆ. ನಮ್ಮ ಬೀದಿಯಲ್ಲಿ ದೀಪ ಒಂದು ಬಿಟ್ಟು ಒಂದು ಉರಿಯುತ್ತದೆ, ನಾಯಿ ಮಾತ್ರ ಒಂದೂ ಬಿಟ್ಟಿಲ್ಲ.

ಒಮ್ಮೆ ನಾನು, ನನ್ನ ರೂಮ್‌ಮೇಟ್ ಇಬ್ಬರೂ ಟ್ರ್ಯಾಕ್ ಪ್ಯಾಂಟ್, ಟೀ ಶರ್ಟ್ ಹಾಕಿಕೊಂಡು ಓಡೋಕೆ ಹೋದೆವು. ಬೈಕಲ್ಲಿ ಇಬ್ಬರು ಪಕ್ಕದಲ್ಲೇ ನಿಧಾನಕ್ಕೆ ಬಂದು 'ಒನ್, ಟೂ, ಒನ್, ಟೂ' ಅಂತ ಎಣಿಸೋಕೆ ಶುರು ಮಾಡಿದರು. ಮಾರನೇ ದಿನ ಚೂಡಿದಾರದಲ್ಲಿ ಹೋಗಿ ಬರೀ ನಡೆದೆವು. ಅದರ ಮಾರನೇ ದಿನ ಅವಳು ತಲೆನೋವು ಅಂದಳು. ನಾನೂ ಕೇಳಲಿಲ್ಲ.

ಈಗ ಹಾಸ್ಟೆಲ್ ಟೆರೇಸಿನಲ್ಲಿ ಸುತ್ತು ಹೊಡೆಯುತ್ತೇವೆ. ಒಗೆದ ಬಟ್ಟೆಗಳ ಕೆಳಗೆ ಬಗ್ಗಿ ಬಗ್ಗಿ. ವಾರ್ಡನ್ ಅದಕ್ಕೂ 'ಟೆರೇಸಲ್ಲಿ ನಿಂತು ಯಾರ ಜೊತೆ ಮಾತು' ಅನ್ನುತ್ತಾರೆ.

ಸೊನ್ನೆ ಕ್ರೆಡಿಟ್ · ಭಾನುವಾರ ರಾತ್ರಿ

ಇಂಜಿನಿಯರಿಂಗ್ ಕಡೆಯಿಂದ ಒಂದು ವರದಿ. ವಿಟಿಯು 2022ರ ಸ್ಕೀಮಿನಲ್ಲಿ ಮೂರನೇ ಸೆಮ್‌ನಿಂದ ಎನ್‌ಎಸ್‌ಎಸ್, ದೈಹಿಕ ಶಿಕ್ಷಣ, ಯೋಗ, ಇವುಗಳಲ್ಲಿ ಒಂದು ಕಡ್ಡಾಯ. ಕ್ರೆಡಿಟ್ ಸೊನ್ನೆ. ಒಳ್ಳೆ ಯೋಚನೆ, ಬೈಯಲ್ಲ. ನಮ್ಮಲ್ಲಿ ಅದು ಹೇಗೆ ನಡೆಯುತ್ತದೆ ಕೇಳಿ. ಟೈಮ್ ಟೇಬಲ್‌ನಲ್ಲಿ ಅದಕ್ಕೊಂದು ಗಂಟೆ ಇದೆ. ಆ ಗಂಟೆಯಲ್ಲಿ ಯಾವುದೋ ಸಬ್ಜೆಕ್ಟ್ ಪೋರ್ಶನ್ ಮುಗಿದಿಲ್ಲ ಅಂತ ಯಾರೋ ಬರುತ್ತಾರೆ. ಸೆಮ್ ಕೊನೆಯಲ್ಲಿ ದೈಹಿಕ ಶಿಕ್ಷಣಕ್ಕೆ ನಾವು ರೆಕಾರ್ಡ್ ಬರೆಯುತ್ತೇವೆ.

ಹೌದು, ಕೂತುಕೊಂಡು. ಕಬಡ್ಡಿ ಅಂಕಣ ಗಂಡಸರಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲ. ಹೆಂಗಸರಿಗೆ 12, 8. ಸ್ಕೇಲ್ ಇಟ್ಟು ಗೆರೆ ಎಳೆದು, ಬೋನಸ್ ಲೈನಿಗೆ ಕೆಂಪು ಸ್ಕೆಚ್ ಪೆನ್ ಹಾಕಿದ್ದೇನೆ. ಚೆನ್ನಾಗಿದೆ ಅಂತ ಸಹಿ ಆಗಿದೆ. ಆ ಗೆರೆ ಒಳಗೆ ನನ್ನ ಕಾಲು ಬಿದ್ದಿಲ್ಲ.

ಪಿಡಿ ಮೇಷ್ಟ್ರು · ಭಾನುವಾರ ರಾತ್ರಿ

ಸೊನ್ನೆ ಕ್ರೆಡಿಟ್ ಅವರೇ, ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ನಾನು ಬೇರೊಂದು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕ. ನಮ್ಮ ಕಡೆಯ ಕಥೆಯೂ ಬರಲಿ.

ಇಡೀ ಕಾಲೇಜಿಗೆ ನಾನೊಬ್ಬ. ನನ್ನ ಕೆಲಸವನ್ನು ಅಳೆಯೋದು ಎಷ್ಟು ಕಪ್ ತಂದೆ ಅನ್ನೋದರ ಮೇಲೆ. ಎಷ್ಟು ಮಕ್ಕಳು ಬೆವರಿದರು ಅಂತ ಯಾರೂ ಕೇಳಲ್ಲ. ಹಾಗಾಗಿ ಮೊದಲೇ ಆಡಲು ಬರುವವರನ್ನು ಆರಿಸಿ ಅವರ ಹಿಂದೆಯೇ ಓಡುತ್ತೇನೆ. ಉಳಿದವರು ಚಪ್ಪಾಳೆ ತಟ್ಟುವವರು. ಅದಕ್ಕೇ ಮೇಡಂ, ನಿಮ್ಮ ಕ್ಲಾಸಿನಲ್ಲಿ ಬೆರಳು ತೋರಿಸುತ್ತಾರೆ. ನಾವೇ ಕಲಿಸಿದ್ದು ಅದು: ಆಟ ಅಂದರೆ ಆಟಗಾರರದ್ದು.

ಮೈದಾನ ಇಲ್ಲ ಅನ್ನುವ ಮಾತಿಗೆ ಮಾತ್ರ ನನ್ನ ತಕರಾರಿದೆ. 400 ಮೀಟರ್ ಟ್ರ್ಯಾಕಿಗೆ ಎಕರೆಗಟ್ಟಲೆ ಜಾಗ ಬೇಕು, ನಿಜ. ಆದರೆ ಥ್ರೋಬಾಲ್ ಅಂಕಣ 18.30 ಮೀಟರ್ ಉದ್ದ, 12.20 ಅಗಲ. ವಾಲಿಬಾಲ್ 18, 9. ರಿಂಗ್ ಟೆನ್ನಿಸ್‌ಗೆ ಇನ್ನೂ ಕಮ್ಮಿ ಸಾಕು. ಸ್ಕೂಟರ್ ಸ್ಟ್ಯಾಂಡಿನ ಅರ್ಧ ಬಿಟ್ಟುಕೊಟ್ಟರೆ ಒಂದು ಅಂಕಣ ಆಗುತ್ತದೆ. ಗಾಡಿ ಎಲ್ಲಿ ನಿಲ್ಲಿಸೋದು ಅಂತ ಮಕ್ಕಳು ಕೇಳಲ್ಲ, ಸ್ಟಾಫ್ ಕೇಳುತ್ತಾರೆ.

ರೂಮ್ 14, ತಂಗಿ, ಥ್ರೋಬಾಲ್ ಆಡುತ್ತೀಯಾ? ನಿಮ್ಮ ಹಾಸ್ಟೆಲ್ ಕಾಂಪೌಂಡ್ ಒಳಗೆ ಎರಡು ಕಂಬ ನೆಡಲು ಜಾಗ ಇದೆಯಾ?

ರೂಮ್ 14 · ಭಾನುವಾರ ರಾತ್ರಿ

ಜಾಗ ಇದೆ ಸರ್. ಅಲ್ಲಿ ಮುರಿದ ಮಂಚಗಳಿವೆ.

ಹೌಸ್ ಸರ್ಜನ್ · ಸೋಮವಾರ ಬೆಳಗಿನ ಜಾವ

ನೈಟ್ ಡ್ಯೂಟಿಯಲ್ಲಿ ಓದುತ್ತಿದ್ದೇನೆ. ಯಾರೂ ಮುಟ್ಟದ ಒಂದು ವಿಷಯ ಇದೆ: ಸುಸ್ತು.

ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಒಂದು ಪ್ರಶ್ನಾವಳಿ ಮಾಡಿದೆ. ನೀವು ಯಾಕೆ ಮೈ ಬಗ್ಗಿಸುತ್ತಿಲ್ಲ ಅಂತ 21 ಪ್ರಶ್ನೆ. ಉತ್ತರ ಏಳು ಗುಂಪಿಗೆ ಬೀಳುತ್ತದೆ: ಸಮಯ ಇಲ್ಲ, ಜೊತೆ ಇಲ್ಲ, ಶಕ್ತಿ ಇಲ್ಲ, ಮನಸ್ಸಿಲ್ಲ, ಪೆಟ್ಟಾಗುವ ಭಯ, ಆಡಲು ಬರಲ್ಲ, ಅನುಕೂಲ ಇಲ್ಲ. ಒಳ್ಳೆಯದೇ. ಆದರೆ ನಮ್ಮ ಹುಡುಗಿಯರ ವಿಷಯದಲ್ಲಿ 'ಶಕ್ತಿ ಇಲ್ಲ' ಅನ್ನೋದನ್ನು 'ಮನಸ್ಸಿಲ್ಲ' ಅಂತ ಬರೆದುಕೊಳ್ಳುತ್ತೇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ರಕ್ತಹೀನತೆ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಅದೇ. ಒಂಬತ್ತು, ಒಂಬತ್ತೂವರೆ ಇಟ್ಟುಕೊಂಡು ಡಿಗ್ರಿ ಓದುವವರನ್ನು ಒಪಿಡಿಯಲ್ಲಿ ನೋಡುತ್ತಿರುತ್ತೇನೆ. ಅವರು ಮಹಡಿ ಹತ್ತಿ ಏದುಸಿರು ಬಿಟ್ಟರೆ ಅದು ಸೋಮಾರಿತನ ಹೇಗಾಗುತ್ತದೆ?

ಶಾಲೆಯಲ್ಲಿ ವಾರಕ್ಕೊಂದು ನೀಲಿ ಕಬ್ಬಿಣದ ಮಾತ್ರೆ ಕೊಡುತ್ತಿದ್ದರು, ನೆನಪಿದೆಯಾ? ಡಿಗ್ರಿಗೆ ಬಂದ ಮೇಲೆ ಅದನ್ನು ಕೊಡುವವರೂ ಇಲ್ಲ, ಕೇಳುವವರೂ ಇಲ್ಲ. ಬೆಳಿಗ್ಗೆ ಬಸ್ಸಿಗೆ ತಿಂಡಿ ಬಿಟ್ಟು ಓಡುತ್ತಾರೆ, ಊಟದ ಜೊತೆಗೇ ಟೀ ಕುಡಿಯುತ್ತಾರೆ. ಟೀ ಕಬ್ಬಿಣದ ಅಂಶವನ್ನು ಮೈಗೆ ಹತ್ತಲು ಬಿಡಲ್ಲ. ಊಟಕ್ಕೂ ಟೀಗೂ ನಡುವೆ ಒಂದು ಗಂಟೆ ಬಿಡಿ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದ್ದರೆ ತೋರಿಸಿಕೊಳ್ಳಿ. ಓಡಿ ಅನ್ನುವ ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸಿ ಮೇಡಂ. ಸರ್ಕಾರಿ ಆಸ್ಪತ್ರೆಯಲ್ಲಿ ಆಗುತ್ತದೆ.

ಒಬ್ಬ ಅಮ್ಮ, ನಿಟುವಳ್ಳಿ · ಸೋಮವಾರ

ನನ್ನ ಮಗ ಜಿಮ್ಮಿಗೆ ಸೇರುತ್ತೇನೆ ಅಂತ ಗಂಟು ಬಿದ್ದಿದ್ದಾನೆ. ನಾನು ಬೇಡ ಅಂತಿದ್ದೇನೆ. 2021ರ ಅಕ್ಟೋಬರ್ 29 ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಅಪ್ಪುಗೆ 46 ವರ್ಷ. ಅಷ್ಟು ವ್ಯಾಯಾಮ ಮಾಡುತ್ತಿದ್ದವರು. ಬೆಳಿಗ್ಗೆ ಜಿಮ್ ಮಾಡಿದವರು ಮಧ್ಯಾಹ್ನ ಇಲ್ಲ. 2025ರಲ್ಲಿ ಹಾಸನದಿಂದ ಸಾಲು ಸಾಲು ಹೃದಯಾಘಾತದ ಸುದ್ದಿ. ನಮ್ಮಂಥವರಿಗೆ ಭಯ ಆಗಲ್ವಾ? ಡಾಕ್ಟರ್ ಇದ್ದೀರಲ್ಲ, ಹೇಳಿ.

ಹೌಸ್ ಸರ್ಜನ್ · ಸೋಮವಾರ

ಆಂಟಿ, ನಿಮ್ಮ ಭಯ ನಿಜ. ಒಪಿಡಿಗೆ ಬರುವ ತಂದೆತಾಯಿ ಕೂಡ ಅಪ್ಪು ಹೆಸರು ಹೇಳಿಯೇ ಮಾತು ಶುರು ಮಾಡುತ್ತಾರೆ.

ವ್ಯಾಯಾಮ ಮಾಡುವಾಗ ಎದೆ ನೋವು, ತಲೆ ಸುತ್ತಿ ಬೀಳೋದು, ಎದೆ ಡವಡವ ಅಂತ ಹೊಡೆದುಕೊಳ್ಳೋದು ಇದೆಯಾ? ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರಾ? ಇದ್ದರೆ ಮೊದಲು ಹೃದಯದ ಪರೀಕ್ಷೆ ಮಾಡಿಸಿ. ಇಲ್ಲದಿದ್ದರೆ ಅವನು ನಿಧಾನಕ್ಕೆ ಶುರು ಮಾಡಲಿ. ಮೊದಲ ವಾರವೇ ಭಾರ ಎತ್ತೋದು, ಜ್ವರ ಇದ್ದಾಗ ಮಾಡೋದು, ಯಾರೋ ಹೇಳಿದರು ಅಂತ ಡಬ್ಬಿ ಪುಡಿ, ಇಂಜೆಕ್ಷನ್ ತಗೊಳ್ಳೋದು, ಇವು ಬೇಡ. ಸುಮ್ನೆ ಕೂರೋದೇ ಹೃದಯಕ್ಕೆ ಕ್ಷೇಮ ಅಂತ ಮಾತ್ರ ಅಂದುಕೊಳ್ಳಬೇಡಿ. ಅದು ತಪ್ಪು ಲೆಕ್ಕ.

ಎಕ್ಸ್‌ಎಕ್ಸ್‌ಎಲ್ · ಸೋಮವಾರ ರಾತ್ರಿ

ಎಲ್ಲರೂ ಟೈಮು, ಜಾಗ ಅಂತಿದ್ದೀರಿ. ನನಗೆ ಎರಡೂ ಇದೆ. ಮನೆ ಕುಂದವಾಡ ಕೆರೆ ಹತ್ತಿರ. ಊರವರೆಲ್ಲ ನಡೆಯೋಕೆ ನಮ್ಮ ಕಡೆಗೇ ಬರುತ್ತಾರೆ. ನಾನು ಹೋಗಲ್ಲ.

ಪಿಯುಸಿಯಲ್ಲಿ ಒಂದು ಸಲ ರಿಲೇಗೆ ಜನ ಕಮ್ಮಿ ಬಿತ್ತು ಅಂತ ನನ್ನನ್ನು ಎಳೆದುಕೊಂಡು ಹೋದರು. ನಾನು ಓಡುವಾಗ ಕಾಮೆಂಟರಿ ಹೇಳುತ್ತಿದ್ದ ಸರ್ ಮೈಕಿನಲ್ಲಿ 'ಲಾರಿ ಹೊರಟಿತು, ಸೈಡ್ ಬಿಡಿ' ಅಂದರು. ಇಡೀ ಮೈದಾನ ನಕ್ಕಿತು. ನಾನೂ ನಕ್ಕೆ, ಏನು ಮಾಡೋದು. ಆ ಹೆಸರು ಈಗಲೂ ವಾಟ್ಸಾಪ್ ಗ್ರೂಪಲ್ಲಿ ಇದೆ.

ಆಡಲು ಬಾರದವನು ಆಡುವ ಜಾಗ ಎಲ್ಲೂ ಇಲ್ಲ. ತಂಡಕ್ಕೆ ಆರಿಸುವಾಗ ಕೊನೆಗೆ ಉಳಿಯೋದು ಯಾರು ಅಂತ ಎಲ್ಲರಿಗೂ ಗೊತ್ತು.

ಪಿಡಿ ಮೇಷ್ಟ್ರು · ಸೋಮವಾರ ರಾತ್ರಿ

ತಮ್ಮಾ, ಇದನ್ನು ನಮ್ಮ ಪಿಡಿಗಳ ಗ್ರೂಪಿಗೆ ಹಾಕುತ್ತೇನೆ, ನಿನ್ನ ಅನುಮತಿ ಇದ್ದರೆ.

ಎಕ್ಸ್‌ಎಕ್ಸ್‌ಎಲ್ · ಸೋಮವಾರ ರಾತ್ರಿ

ಹಾಕಿ ಸರ್.

ದುರ್ಗದವನು · ಮಂಗಳವಾರ

ಚಿತ್ರದುರ್ಗದಿಂದ. ನಮಗೆ ಕೋಟೆ ಇದೆ, ಚಂದ್ರವಳ್ಳಿ ಇದೆ, ಜೋಗಿಮಟ್ಟಿ ಇದೆ, ಒನಕೆ ಓಬವ್ವನ ಹೆಸರಿನ ಕ್ರೀಡಾಂಗಣ ಇದೆ. ಜ್ಯೋತಿರಾಜ್ ಬರಿಗೈಯಲ್ಲಿ ಕೋಟೆ ಗೋಡೆ ಹತ್ತೋದನ್ನು ನೋಡಿಕೊಂಡೇ ಬೆಳೆದೆವು. ಹಾಗಂತ ನಮ್ಮ ಕಾಲೇಜಿನ ಹುಡುಗರೇನೂ ದಿನಾ ಬೆಟ್ಟ ಹತ್ತುತ್ತಿಲ್ಲ. ನೆಂಟರು ಬಂದಾಗ ಹೋಗುತ್ತೇವೆ. ಬೆಟ್ಟ ಪಕ್ಕದಲ್ಲಿದ್ದರೆ ಸಾಲದು, ಜೊತೆಗೆ ಬರುವವನೊಬ್ಬ ಬೇಕು. ನನಗೆ ಒಬ್ಬ ಸಿಕ್ಕಿದ, ಅದಕ್ಕೆ ಹೋಗುತ್ತಿದ್ದೇನೆ. ಅವನಿಗೆ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದರೆ ನನ್ನ ಕಥೆ ಗೊತ್ತಿಲ್ಲ.

ಕೆಮ್ಮಣ್ಣು · ಮಂಗಳವಾರ

ನಮ್ಮ ದಾವಣಗೆರೆಯಲ್ಲಿ ಗರಡಿ ಮನೆಗಳಿದ್ದ ಕಾಲಕ್ಕೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ ಅಂತ ನಮ್ಮ ತಾತ ಹೇಳುತ್ತಾರೆ. ಮಿಲ್ಲಿನ ಪಾಳಿ ಮುಗಿಸಿ ಬಂದವರು ದಂಡ, ಬಸ್ಕಿ ಹೊಡೆದು ಸಾಮು ತೆಗೆದು ಮನೆಗೆ ಹೋಗುತ್ತಿದ್ದರಂತೆ. ದುಗ್ಗಮ್ಮನ ಜಾತ್ರೆ ಕುಸ್ತಿ ಈಗಲೂ ಜೋರು. ನಾನು ಗರಡಿಗೆ ಹೋಗುತ್ತೇನೆ. ಫೀಸು ಅಂತ ದೊಡ್ಡದೇನಿಲ್ಲ. ಜಿಮ್ಮಿಗೆ ತಿಂಗಳಿಗೆ ಸಾವಿರ ಕೇಳುತ್ತಾರೆ, ಅಷ್ಟು ದುಡ್ಡಿಗೆ ಹಾಲು, ಬಾದಾಮಿ ಬರುತ್ತದೆ. ಆಸಕ್ತಿ ಇದ್ದವರು ಬನ್ನಿ. ಹುಡುಗಿಯರಿಗೆ ನಮ್ಮ ಗರಡಿಯಲ್ಲಿ ಜಾಗ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಆರ್ಡರ್ ಬಂತು · ಮಂಗಳವಾರ ರಾತ್ರಿ 11:50

ಕಾಲೇಜು ಮುಗಿಸಿ ಆರರಿಂದ ಹನ್ನೊಂದೂವರೆ ಊಟದ ಡೆಲಿವರಿ ಮಾಡುತ್ತೇನೆ. ದಿನಾ ಗಾಡಿ ಮೇಲೆ ಇರುತ್ತೇನೆ, ಬೆನ್ನು ಹಿಡಿದುಕೊಂಡಿದೆ. ಲಿಫ್ಟ್ ಇಲ್ಲದ ಕಟ್ಟಡ ಸಿಕ್ಕರೆ ಮಹಡಿ ಹತ್ತುತ್ತೇನೆ. ಅದು ಲೆಕ್ಕಕ್ಕೆ ಬರುತ್ತಾ ಡಾಕ್ಟರೇ?

ಹೌಸ್ ಸರ್ಜನ್ · ಬುಧವಾರ

ಬರುತ್ತದೆ. ಮೊದಲು ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷ ಮಾಡಿದರೆ ಮಾತ್ರ ಲೆಕ್ಕ ಅನ್ನುತ್ತಿದ್ದರು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಷರತ್ತು ತೆಗೆದುಹಾಕಿತು. ಮೆಟ್ಟಿಲು, ಮನೆಗೆಲಸ, ಬಸ್‌ಸ್ಟ್ಯಾಂಡಿಗೆ ಬಿರುಸಾಗಿ ನಡೆಯೋದು, ಜಗಳೂರಿನವರ ಹೊಲದ ಕೆಲಸ, ಎಲ್ಲವೂ ಸೇರುತ್ತದೆ. ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡಬೇಕು. ಬಸ್ಕಿ ಸಾಕು. ನಿಮ್ಮ ಬೆನ್ನು ಮಾತ್ರ ತೋರಿಸಿಕೊಳ್ಳಿ.

ಹಳೇ ಬ್ಯಾಚ್ · ಬುಧವಾರ

ಎಲ್ಲ ಓದಿದೆ. ಕಷ್ಟ ಇರೋದು ನಿಜ. ಆದರೂ ಎಲ್ಲದಕ್ಕೂ ಕಾಲೇಜು, ಬಸ್ಸು, ಬೀದಿದೀಪ ಅಂದರೆ ನಿಮ್ಮ ಪಾಲು ಏನು ಅಂತ ಈಗಲೂ ಕೇಳುತ್ತೇನೆ.

ಕನ್ನಡ ಮೇಡಂ · ಬುಧವಾರ ರಾತ್ರಿ

ಹಳೇ ಬ್ಯಾಚ್ ಸರ್, ನಿಮ್ಮ ಕಾಲದಲ್ಲಿ ರಸ್ತೆಯಲ್ಲಿ ಇಟ್ಟಿಗೆ ನಿಲ್ಲಿಸಿದರೆ ಗಾಡಿಗಳು ಕಾಯುತ್ತಿದ್ದವು. ಈಗ ಆ ರಸ್ತೆಯಲ್ಲಿ ನಿಂತು ನೋಡಿ. ನಿಮ್ಮ ಜೊತೆ ಆಗ ಎಷ್ಟು ಹುಡುಗಿಯರು ಆಡುತ್ತಿದ್ದರು ಅಂತಲೂ ಒಮ್ಮೆ ಹೇಳಿ.

ಈ ಉತ್ತರಗಳನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದೆ. ನಾವು ಆಟಕ್ಕೆ ಇಟ್ಟಿರುವ ಹೊತ್ತು ಕಾಲೇಜು ಬಿಟ್ಟ ಮೇಲಿನದು. ಆ ಹೊತ್ತು ಬಸ್ಸಿನವರಿಗೆ ಇಲ್ಲ, ಹಾಸ್ಟೆಲ್ ಹುಡುಗಿಯರಿಗೆ ಅರೆಬರೆ ಇದೆ, ಕೆಲಸಕ್ಕೆ ಹೋಗುವವರಿಗೆ ಇಲ್ಲವೇ ಇಲ್ಲ. ಊರಲ್ಲೇ ಮನೆ ಇದ್ದು ಬೈಕ್ ಇರುವ ಹುಡುಗನಿಗೆ ಮಾತ್ರ ಪೂರ್ತಿ ಇದೆ. ತಂಡದಲ್ಲಿ ಯಾರಿದ್ದಾರೆ ನೋಡಿದರೆ ಅವರೇ ಇದ್ದಾರೆ.

ಹಾಗಾಗಿ ನಾಳೆ ಪ್ರಿನ್ಸಿಪಾಲರ ಹತ್ತಿರ ಹೊಸ ಮೈದಾನ ಕೇಳಲ್ಲ. ವಾರಕ್ಕೆ ಎರಡು ಪೀರಿಯಡ್ ಕೇಳುತ್ತೇನೆ, ಕಾಲೇಜಿನ ಹೊತ್ತಿನಲ್ಲೇ, ಹಾಜರಿ ಸಮೇತ. ಅದರಲ್ಲಿ ಪೋರ್ಶನ್ ಮುಗಿಸಲು ಯಾರೂ ಬರಬಾರದು, ನಾನೂ ಸೇರಿ. ತಂಡಗಳನ್ನು ಚೀಟಿ ಎತ್ತಿ ಮಾಡುತ್ತೇವೆ, ಆರಿಸೋದು ಬೇಡ. ಮೈಕ್ ಇರಲ್ಲ. ಅದಕ್ಕೂ ಮೊದಲು ರಕ್ತ ಪರೀಕ್ಷೆಯ ಕ್ಯಾಂಪ್. ಬೀದಿದೀಪಕ್ಕೆ ಪಾಲಿಕೆಗೆ ಅರ್ಜಿ ಬರೆಯೋಣ. ರೂಮ್ 14, ಬೀದಿಯ ಗುರುತು ನನಗೆ ಕಳಿಸಮ್ಮ. ಗೇಟಿನ ವಿಷಯ ನನ್ನ ಕೈಯಲ್ಲಿಲ್ಲ, ವಾರ್ಡನ್ ಜೊತೆ ಮಾತಾಡಬಲ್ಲೆ ಅಷ್ಟೇ.

ಪಿಡಿ ಮೇಷ್ಟ್ರು · ಬುಧವಾರ ರಾತ್ರಿ

ಎರಡು ಕೇಳಿದರೆ ಒಂದು ಕೊಡುತ್ತಾರೆ ಮೇಡಂ. ಮೂರು ಕೇಳಿ. ಮೈದಾನದ ಕೀ ಆಫೀಸಿನಲ್ಲಿ ಇರಬಾರದು, ಇಬ್ಬರು ವಿದ್ಯಾರ್ಥಿಗಳ ಹತ್ತಿರ ಇರಲಿ. ಚೆಂಡು ಕಳೆದರೆ ಕಳೆಯಲಿ ಅಂತ ಮೊದಲೇ ಬರೆಸಿಕೊಳ್ಳಿ. ಚೆಂಡು ಬೀರುವಿನಲ್ಲಿ ಭದ್ರವಾಗಿರುವ ಕಾಲೇಜುಗಳನ್ನು ಬಹಳ ನೋಡಿದ್ದೇನೆ.

ಜಗಳೂರು ಬಸ್ · ಗುರುವಾರ ಬೆಳಿಗ್ಗೆ, ಬಸ್ಸಿನಿಂದ

ಮೇಡಂ, ಮೂರನೇ ಮಹಡಿ ಅಂದಾಗಲೇ ಅನುಮಾನ ಬಂದಿತ್ತು, ನಾನು ನಿಮ್ಮ ಕಾಲೇಜಿನವನೇ. ಪೀರಿಯಡ್ ಸಿಕ್ಕರೆ ಖೋಖೋ ಕಂಬ ನೆಡೋಕೆ ಬರುತ್ತೇನೆ. ನನ್ನ ಹತ್ತಿರ ಶೂ ಇಲ್ಲ, ಬರಿಗಾಲಲ್ಲಿ ಆಡಬಹುದಾ?

ಕನ್ನಡ ಮೇಡಂ · ಗುರುವಾರ

ಜಲ್ಲಿ ಆರಿಸುವವರೆಗೆ ಬೇಡಪ್ಪ. ಮೊದಲ ಪೀರಿಯಡ್ ಅದೇ ಕೆಲಸ. ಬುಟ್ಟಿ ನಾನು ತರುತ್ತೇನೆ.

ಸೊನ್ನೆ ಕ್ರೆಡಿಟ್ · ಗುರುವಾರ

ಅದಕ್ಕೆ ರೆಕಾರ್ಡ್ ಬರೆಯಬೇಕಾ ಮೇಡಂ?